ಸ್ಥಳೀಯರು ಆಸ್ಪತ್ರೆಗೆ ಸೇರಿಸಿದರು, ಆಮೇಲೆ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಅಪಘಾತದ ಸುದ್ದಿ ಇಲ್ಲದ ದಿನವೇ ಇಲ್ಲ. ಬೈಕಿಗೆ ಲಾರಿ ಡಿಕ್ಕಿ, ಸವಾರ ಸಾವು. ಕಾರು ಪಲ್ಟಿ, ನಾಲ್ವರಿಗೆ ಗಾಯ. ಊರಿನ ಹೆಸರು, ಸತ್ತವರ ವಯಸ್ಸು, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಯಿತು, ಎಲ್ಲಾ ಇರುತ್ತದೆ. ನಡುವೆ ಎಲ್ಲೋ ಒಂದು ಸಾಲು: 'ಗಾಯಾಳುಗಳನ್ನು ಸ್ಥಳೀಯರು ಆಸ್ಪತ್ರೆಗೆ ಸೇರಿಸಿದರು.' ಅಷ್ಟೇ. ಆ ಸ್ಥಳೀಯರು ಯಾರು, ಹೇಗೆ ಸೇರಿಸಿದರು, ಸೇರಿಸಿದ ಮೇಲೆ ಅವರಿಗೆ ಏನಾಯಿತು ಅಂತ ಯಾರೂ ಬರೆಯುವುದಿಲ್ಲ. ನನಗೆ ಹೇಳಬೇಕಿರುವುದು ಅವರ ಬಗ್ಗೆಯೇ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ ಇದು. ಅದಕ್ಕೂ ಎಷ್ಟೋ ಮೊದಲು, 2006ರಲ್ಲಿ, ಕಾನೂನು ಆಯೋಗ ತನ್ನ 201ನೇ ವರದಿಯಲ್ಲಿ ಒಂದು ಮಾತು ಹೇಳಿತ್ತು. ಮೊದಲ ಒಂದು ಗಂಟೆಯೊಳಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಸಾಯುವವರಲ್ಲಿ ಅರ್ಧದಷ್ಟು ಜನರನ್ನು ಉಳಿಸಿಕೊಳ್ಳಬಹುದು ಅಂತ. ಯೋಚನೆ ಮಾಡಿ, ಆ ಮೊದಲ ಗಂಟೆಯಲ್ಲಿ ಗಾಯಾಳುವಿನ ಪಕ್ಕ ಇರುವವರು ಯಾರು? ಡಾಕ್ಟರ್ ಇರುವುದಿಲ್ಲ, ಮನೆಯವರು ಇರುವುದಿಲ್ಲ, ಪೊಲೀಸರೂ ಇನ್ನೂ ಬಂದಿರುವುದಿಲ್ಲ. ಇರುವವರು ಪಂಚರ್ ಅಂಗಡಿಯವನು, ಟೀ ಅಂಗಡಿಯಮ್ಮ, ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟವರು, ಬಸ್ ನಿಲ್ಲಿಸಿ ಕೆಳಗಿಳಿದ ಕಂಡಕ್ಟರ್. ಬದುಕುವುದೋ ಬಿಡುವುದೋ ಅನ್ನುವುದು ಹೆಚ್ಚಾಗಿ ಇವರ ಕೈಯಲ್ಲೇ ಇರುತ್ತದೆ.

ನಮ್ಮ ಮನೆಯದೇ ಹೇಳುತ್ತೇನೆ. ನನ್ನ ತಮ್ಮ ಬಿ.ಎಚ್. ರಸ್ತೆಯಲ್ಲಿ ಬೈಕಿನಿಂದ ಬಿದ್ದ. ಹಿಂದಿನ ದೀಪ ಇಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್, ಬೆಳಗಿನ ಮಂಜು, ಇವನಿಗೆ ಕಂಡಿದ್ದು ತೀರಾ ಹತ್ತಿರ ಹೋದ ಮೇಲೆ. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಆದರೆ ಟ್ರೇಲರಿನ ಕಬ್ಬಿಣದ ಅಂಚು ತೊಡೆ ಸೀಳಿತ್ತು. ಪಕ್ಕದಲ್ಲೇ ಎಳನೀರು ಮಾರುವ ಹೆಂಗಸೊಬ್ಬರು ಆಗಷ್ಟೇ ಗೊನೆ ಇಳಿಸಿಕೊಳ್ಳುತ್ತಿದ್ದರಂತೆ. ಓಡಿ ಬಂದವರೇ ತಲೆಗೆ ಸುತ್ತಿಕೊಂಡಿದ್ದ ಟವೆಲ್ ಬಿಚ್ಚಿ, ಮಡಿಸಿ, ಗಾಯದ ಮೇಲೆ ಎರಡೂ ಕೈಯಲ್ಲಿ ಅದುಮಿ ಹಿಡಿದರು. ಯಾರೋ 'ತೆಗೆದು ನೋಡಿ, ರಕ್ತ ನಿಂತಿದೆಯಾ' ಅಂದರೂ ಕೈ ತೆಗೆಯಲಿಲ್ಲವಂತೆ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರ್ ನಮಗೆ ಹೇಳಿದ ಮೊದಲ ಮಾತೇ ಅದು, ಯಾರೋ ಚೆನ್ನಾಗಿ ಒತ್ತಿ ಹಿಡಿದಿದ್ದಾರೆ, ಇಲ್ಲದಿದ್ದರೆ ಇಲ್ಲಿಗೆ ಬರುವಷ್ಟರಲ್ಲಿ ಕಷ್ಟ ಇತ್ತು ಅಂತ.

ಅದೇ ಹೊತ್ತಿಗೆ ಒಂದು ಟಾಟಾ ಏಸ್ ಬಂತು. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಮೂಟೆ ಹೊತ್ತು ಹೊರಟಿದ್ದ ಗಾಡಿ. ಡ್ರೈವರ್ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ರೈತರೇ ಕೊಬ್ಬರಿಯ ಯಜಮಾನರು. ಅಂದು ಹರಾಜಿನ ದಿನ. ತಡವಾದರೆ ಅಂದಿನ ಹರಾಜು ತಪ್ಪುತ್ತದೆ, ಮುಂದಿನ ಹರಾಜಿಗೆ ರೇಟು ಏನಾಗಿರುತ್ತದೋ ಯಾರಿಗೆ ಗೊತ್ತು. ಆ ಯಜಮಾನರು ಒಂದು ಕ್ಷಣವೂ ಯೋಚನೆ ಮಾಡದೆ 'ಇಳಿಸಪ್ಪಾ ಮೂಟೆಗಳನ್ನ' ಅಂದರು. ಇದ್ದಬದ್ದವರೆಲ್ಲ ಸೇರಿ ಮೂಟೆ ಇಳಿಸಿ ರಸ್ತೆ ಪಕ್ಕ ಪೇರಿಸಿದರು. ಯಜಮಾನರು ಮೂಟೆಗಳ ಹತ್ತಿರ ಕೂತರು, ಎಳನೀರಿನ ಅಂಗಡಿಯನ್ನೂ ಅವರೇ ನೋಡಿಕೊಂಡರು. ಆ ಹೆಂಗಸು ಗಾಡಿಯ ಹಿಂದೆ ತಮ್ಮನ ಪಕ್ಕ ಕೂತು, ಟವೆಲ್ ಮೇಲಿನ ಕೈ ಬಿಡದೆ, ಆಸ್ಪತ್ರೆವರೆಗೂ ಬಂದರು.

ದಾರಿಯಲ್ಲಿ ತಮ್ಮನ ಮೊಬೈಲ್‌ಗೆ ಅಮ್ಮನ ಫೋನ್ ಬಂತು. ಎತ್ತಿದ್ದು ಆ ಹೆಂಗಸೇ. 'ಅಮ್ಮಾ, ನಿಮ್ಮ ಹುಡುಗ ಬೈಕಿಂದ ಬಿದ್ದಿದ್ದಾನೆ, ಕಾಲಿಗೆ ಏಟಾಗಿದೆ, ನನ್ನ ಪಕ್ಕದಲ್ಲೇ ಮಾತಾಡ್ತಾ ಇದ್ದಾನೆ, ಕೇಳಿಸ್ಕೊಳ್ಳಿ' ಅಂತ ಹೇಳಿ ಫೋನನ್ನು ಅವನ ಬಾಯಿಗೆ ಹಿಡಿದರು. ಅಮ್ಮ ಅವನ ದನಿ ಕೇಳಿದ ಮೇಲೆಯೇ ಆ ಹೆಂಗಸು 'ಮನೇಲಿ ಯಾರಿದ್ದಾರೆ, ಅವರಿಗೆ ಕೊಡಿ' ಅಂದು ನನಗೆ ಯಾವ ಆಸ್ಪತ್ರೆ, ಎಲ್ಲಿಗೆ ಬರಬೇಕು ಅಂತ ಹೇಳಿದರು. ಇಂಥ ಸುದ್ದಿಯನ್ನು ಒಬ್ಬ ತಾಯಿಗೆ ಹೇಗೆ ಹೇಳಬೇಕು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ಅಮ್ಮ ಇವತ್ತಿಗೂ ದೀಪ ಹಚ್ಚುವಾಗ ಅವರ ಹೆಸರು ಹೇಳುತ್ತಾರೆ.

ಇಷ್ಟು ಒಳ್ಳೆಯದೇ. ಆಸ್ಪತ್ರೆ ಬಾಗಿಲಿಗೆ ಬಂದ ಮೇಲೆ ಏನಾಯಿತು ಕೇಳಿ. ಅದೊಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ತಮ್ಮನನ್ನು ಒಳಗೆ ಕರೆದುಕೊಂಡರು, ಚಿಕಿತ್ಸೆಯನ್ನೂ ಶುರು ಮಾಡಿದರು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಕೌಂಟರಿನಲ್ಲಿ ಡ್ರೈವರನ್ನು ನಿಲ್ಲಿಸಿಕೊಂಡರು. ನಿಮಗೇನಾಗಬೇಕು ಇವರು? ಅಡ್ವಾನ್ಸ್ ಯಾರು ಕಟ್ಟುತ್ತೀರಿ? ಇದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಕೇಸು, ಪೊಲೀಸರು ಬರುವವರೆಗೂ ನೀವು ಹೋಗುವ ಹಾಗಿಲ್ಲ. ಡಿಎಲ್ ಕೊಡಿ, ಜೆರಾಕ್ಸ್ ಬೇಕು. ಆ ಹುಡುಗ ತನ್ನ ಜೇಬಿನಲ್ಲಿದ್ದ ಡೀಸೆಲ್ ಕಾಸನ್ನೇ ಕೌಂಟರಿನಲ್ಲಿ ಕೊಟ್ಟು, ಅಂಗಿ ತುಂಬ ನಮ್ಮ ತಮ್ಮನ ರಕ್ತ ಮೆತ್ತಿಕೊಂಡು, ನಾವು ಬರುವವರೆಗೂ ಬೆಂಚಿನ ಮೇಲೆ ಕೂತಿದ್ದ. ಆಮೇಲೂ ಪೊಲೀಸರು ಬರುವವರೆಗೆ ಅವನನ್ನು ಬಿಡಲಿಲ್ಲ.

ತಮ್ಮ ಮನೆಗೆ ಬಂದ ಮೇಲೆ ಹಣ್ಣು, ಬಟ್ಟೆ ತೆಗೆದುಕೊಂಡು ನಾವು ಆ ಡ್ರೈವರ್ ಮನೆಗೆ ಹೋದೆವು. ಅವನು ಕೊಟ್ಟಿದ್ದ ದುಡ್ಡನ್ನು ವಾಪಸ್ ಕೈಗಿಡುವುದಕ್ಕೇ ಬಹಳ ಹೊತ್ತು ಹಿಡಿಯಿತು. ಕಾಫಿ ಕುಡಿಸಿದ. ಹೊರಡುವಾಗ ಗೇಟಿನವರೆಗೆ ಬಂದು, ಹೆಂಡತಿಗೆ ಕೇಳಿಸದ ಹಾಗೆ ಕೇಳಿದ: 'ಅಣ್ಣಾ, ಇನ್ನೂ ಸ್ಟೇಷನ್ನಿಂದ ಫೋನ್ ಬರುತ್ತಾ? ನನ್ನ ಗಾಡಿನೇ ಗುದ್ದಿದ್ದು ಅಂತ ಬರ್ಕೊಂಡಿಲ್ಲ ಅಲ್ವಾ?' ಭಯಕ್ಕೆ ತನ್ನ ಗಾಡಿಯ ಮುಂಭಾಗದ ಫೋಟೊ ತೆಗೆದು ಇಟ್ಟುಕೊಂಡಿದ್ದ, ಡಿಕ್ಕಿಯ ಗುರುತು ಇಲ್ಲ ಅಂತ ತೋರಿಸುವುದಕ್ಕೆ. ಒಬ್ಬರ ಜೀವ ಉಳಿಸಿದವನು ತಾನು ನಿರಪರಾಧಿ ಅಂತ ಸಾಕ್ಷಿ ಇಟ್ಟುಕೊಂಡು ಓಡಾಡಬೇಕು ಅಂದರೆ ಹೊಟ್ಟೆ ಉರಿಯುವುದಿಲ್ಲವೇ ಸಂಪಾದಕರೇ?

ಹೊಟ್ಟೆ ಇನ್ನೂ ಜಾಸ್ತಿ ಉರಿಯುವುದು ಯಾಕೆ ಅಂದರೆ, ಅವನ ಬೆನ್ನಿಗೆ ಕಾನೂನು ಇದೆ. ಇವತ್ತು ನಿನ್ನೆಯದಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಾಳುಗಳಿಗೆ ನೆರವಾಗುವವರಿಗೆ ತೊಂದರೆ ಕೊಡಬಾರದು ಅನ್ನುವ ಮಾರ್ಗಸೂಚಿಗಳನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2016ರ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಅನ್ನುವ ಸೆಕ್ಷನ್ ಸೇರಿಸಿದರು, 2020ರಲ್ಲಿ ನಿಯಮಗಳೂ ಬಂದವು. ಆ ಮಾರ್ಗಸೂಚಿ, ನಿಯಮಗಳಲ್ಲಿ ಇರುವುದನ್ನು ನಮ್ಮ ಡ್ರೈವರ್ ಹುಡುಗನಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಹೀಗೆ. ನೀನು ನಿನ್ನ ಹೆಸರು, ವಿಳಾಸ ಹೇಳಲೇಬೇಕು ಅಂತ ಇಲ್ಲ. ಗಾಯಾಳುವನ್ನು ಒಪ್ಪಿಸಿ ನೀನು ಹೊರಡಬಹುದು, ನಿನ್ನನ್ನು ಯಾರೂ ಕೂರಿಸಿಕೊಳ್ಳುವ ಹಾಗಿಲ್ಲ. ನಿನ್ನಿಂದ ದುಡ್ಡು ಕೇಳುವ ಹಾಗಿಲ್ಲ. ಸಾಕ್ಷಿ ಹೇಳುತ್ತೇನೆ ಅಂತ ನೀನಾಗಿಯೇ ಒಪ್ಪಿದರೆ ಮಾತ್ರ ಪೊಲೀಸರು ಹೇಳಿಕೆ ತೆಗೆದುಕೊಳ್ಳಬೇಕು, ಅದೂ ನಿನಗೆ ಅನುಕೂಲವಾದ ಜಾಗಕ್ಕೆ, ಬೇಕಾದರೆ ಮನೆಗೇ, ಮಫ್ತಿಯಲ್ಲಿ ಬಂದು. ಪದೇ ಪದೇ ಸ್ಟೇಷನ್ನಿಗೆ ಅಲೆಸುವ ಹಾಗಿಲ್ಲ.

ಇನ್ನೊಂದು ನಿಯಮ ಇದೆ. ಈ ಹಕ್ಕುಗಳನ್ನೆಲ್ಲ ಪ್ರತಿ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಬಾಗಿಲ ಹತ್ತಿರ ಎಲ್ಲರಿಗೂ ಕಾಣುವ ಜಾಗದಲ್ಲಿ, ಹಿಂದಿ ಇಂಗ್ಲಿಷಿನ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಬರೆಸಿ ಹಾಕಬೇಕು. ಅಂದರೆ ಇಲ್ಲಿ ಕನ್ನಡದಲ್ಲಿ. ತಮ್ಮನನ್ನು ಸೇರಿಸಿದ ಆಸ್ಪತ್ರೆಯ ಬಾಗಿಲಲ್ಲಿ ಮಾಸ್ಟರ್ ಹೆಲ್ತ್ ಚೆಕಪ್ ಪ್ಯಾಕೇಜಿನ ದೊಡ್ಡ ಬೋರ್ಡು ಇತ್ತು, ಪಾರ್ಕಿಂಗ್ ದರದ ಬೋರ್ಡು ಇತ್ತು, ಚಪ್ಪಲಿ ಹೊರಗೆ ಬಿಡಿ ಅನ್ನುವ ಬೋರ್ಡೂ ಇತ್ತು. ಇದೊಂದು ಇರಲಿಲ್ಲ. ಆಮೇಲೆ ನಾನು ಎಲ್ಲೇ ಆಸ್ಪತ್ರೆಗೆ ಹೋದರೂ ಮೊದಲು ಬಾಗಿಲ ಹತ್ತಿರ ಹುಡುಕುತ್ತೇನೆ. ನೀವೂ ಒಮ್ಮೆ ನೋಡಿ.

ಜನ ಕಲ್ಲಾಗಿಬಿಟ್ಟಿದ್ದಾರೆ, ಎಲ್ಲರೂ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾ ನಿಲ್ಲುತ್ತಾರೆ ಅನ್ನುವ ಮಾತು ಬಹಳ ಕೇಳುತ್ತೇವೆ. ಅಂಥದ್ದು ನಡೆದಿದೆ, ಸುಳ್ಳಲ್ಲ. 2017ರಲ್ಲಿ ಕೊಪ್ಪಳದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗನಿಗೆ ಬಸ್ಸು ಗುದ್ದಿ, ಅವನು ನೆರವು ಕೇಳುತ್ತಾ ಬಿದ್ದಿದ್ದಾಗ ಸುತ್ತ ನಿಂತವರು ಚಿತ್ರ ತೆಗೆಯುತ್ತಿದ್ದರು. ಇದಕ್ಕೆ ತೀರಾ ಎದುರಾದ ಮನಸ್ಸನ್ನೂ ನೋಡಿದ್ದೇವೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹವೇ ಎರಡಾಗಿದ್ದ ತರುಣನೊಬ್ಬ, ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡಿದ್ದ. ಅವನ ಕಣ್ಣುಗಳನ್ನು ದಾನ ಮಾಡಿದರು. ಅವನ ಹೆಸರಿನಲ್ಲೇ ಸರ್ಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ನಮ್ಮ ರಾಜ್ಯದ ರಸ್ತೆಯಲ್ಲಿ ಅಪಘಾತವಾದರೆ ಯಾವ ಊರಿನವರೇ ಆಗಲಿ, ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುವ ಯೋಜನೆಯಾಗಿ ಅದು ಶುರುವಾಯಿತು.

ಆದರೆ ನಿಂತು ನೋಡುವವರೆಲ್ಲ ಕೆಟ್ಟವರು ಅಂತ ನಾನು ಒಪ್ಪುವುದಿಲ್ಲ. ಮುಕ್ಕಾಲು ಪಾಲು ಜನ ಭಯದಿಂದ ನಿಂತಿರುತ್ತಾರೆ. ಮುಟ್ಟಿದರೆ ಕೇಸು ಮೈಮೇಲೆ ಬರುತ್ತದೆ ಅನ್ನುವ ಭಯ ಒಂದು, ಮುಟ್ಟಿ ಏನಾದರೂ ಹೆಚ್ಚುಕಮ್ಮಿ ಆದರೆ ಅನ್ನುವ ಭಯ ಇನ್ನೊಂದು. ಭಯ ಮರೆತು ಹೋಗುವಷ್ಟು ದೊಡ್ಡದು ಎದುರಿಗೆ ನಡೆದಾಗ ಇದೇ ಜನ ಏನು ಮಾಡುತ್ತಾರೆ ಅಂತ ನಾವು ನೋಡಿದ್ದೇವೆ. 2010ರ ಮೇ 22ರ ಬೆಳಗ್ಗೆ ಮಂಗಳೂರಿನಲ್ಲಿ ದುಬೈ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಸತ್ತರು, ಬದುಕಿದ್ದು ಎಂಟೇ ಜನ. ಉರಿಯುತ್ತಿದ್ದ ಆ ಕಮರಿಗೆ ಮೊದಲು ಇಳಿದವರು ಕೆಂಜಾರಿನ ಸುತ್ತಮುತ್ತಲಿನ ಜನ. 2020ರ ಆಗಸ್ಟ್ 7ರ ರಾತ್ರಿ ಕೇರಳದ ಕರಿಪುರದಲ್ಲಿ ವಿಮಾನ ಜಾರಿ ಬಿದ್ದಾಗ ಸುರಿಯುವ ಮಳೆ, ಮೇಲೆ ಕೊರೊನಾ. ಬಂದವರು ವಿದೇಶದಿಂದ, ಯಾರಿಗೆ ಸೋಂಕು ಇದೆಯೋ ಗೊತ್ತಿಲ್ಲ. ಕೊಂಡೋಟ್ಟಿಯ ಜನ ಅದನ್ನೆಲ್ಲ ಲೆಕ್ಕಕ್ಕೇ ಇಡದೆ ತಮ್ಮ ತಮ್ಮ ಕಾರುಗಳಲ್ಲಿ ಗಾಯಾಳುಗಳನ್ನು ಸಾಗಿಸಿದರು, ಅದೇ ರಾತ್ರಿ ರಕ್ತ ಕೊಡಲು ಸಾಲು ನಿಂತರು, ಆಮೇಲೆ ಕ್ವಾರಂಟೈನಿಗೂ ಹೋದರು. 2023ರ ಜೂನ್ 2ರಂದು ಒಡಿಶಾದ ಬಾಲಾಸೋರ್ ಹತ್ತಿರ ನಡೆದ ರೈಲು ದುರಂತದಲ್ಲಿ ನಮ್ಮ ಬೆಂಗಳೂರಿನಿಂದ ಹೊರಟಿದ್ದ ಹೌರಾ ರೈಲೂ ಇತ್ತು. ಅಲ್ಲೂ ಕತ್ತಲಲ್ಲಿ ಬೋಗಿಗಳಿಂದ ಜನರನ್ನು ಎಳೆದು ತಂದವರಲ್ಲಿ ಮೊದಲಿಗರು ಪಕ್ಕದ ಹಳ್ಳಿಗಳವರು. ರಕ್ತ ಕೊಡಲು ಆಸ್ಪತ್ರೆ ಮುಂದೆ ಹುಡುಗರು ಗುಂಪುಗುಂಪಾಗಿ ನಿಂತಿದ್ದರು.

ಇಂಥ ದೊಡ್ಡ ದುರಂತ ಆದಾಗ ಇವರನ್ನೆಲ್ಲ ಹೊಗಳುತ್ತೇವೆ. ಅದೇ ಕೆಲಸವನ್ನು ಒಬ್ಬನೇ ಗಾಯಾಳುವಿಗಾಗಿ ಮಾಡಿದರೆ ಸ್ಟೇಷನ್ನು, ಜೆರಾಕ್ಸು. ಇದು ಯಾವ ನ್ಯಾಯ?

ಎರಡನೇ ಭಯದ ಬಗ್ಗೆಯೂ ಹೇಳಬೇಕು, ಹೆಚ್ಚುಕಮ್ಮಿ ಆಗುವ ಭಯ. ಅದು ಸುಮ್ನೆ ಬಂದ ಭಯವಲ್ಲ. ಒಳ್ಳೆ ಮನಸ್ಸಿನಿಂದ ಮಾಡುವುದೇ ಕೆಲವು ಸಲ ಕೆಡುಕಾಗುತ್ತದೆ. ನಮ್ಮ ಕಡೆ ಯಾರಾದರೂ ಬಿದ್ದ ಕೂಡಲೇ ಮೊದಲು ನೀರು ಕುಡಿಸುತ್ತಾರೆ. ಅರೆಪ್ರಜ್ಞೆಯಲ್ಲಿ ಇದ್ದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಎಬ್ಬಿಸಿ ಕೂರಿಸುತ್ತಾರೆ, ಕಂಕುಳಿಗೆ ಕೈ ಕೊಟ್ಟು ಎಳೆಯುತ್ತಾರೆ. ಕತ್ತಿಗೋ ಬೆನ್ನುಮೂಳೆಗೋ ಏಟಾಗಿದ್ದರೆ ಆ ಎಳೆತದಲ್ಲೇ ಕೈಕಾಲು ಶಾಶ್ವತವಾಗಿ ಹೋಗಬಹುದು. ಹೆಲ್ಮೆಟ್ ಜಗ್ಗಿ ತೆಗೆಯುತ್ತಾರೆ, ಅದೂ ಕತ್ತಿಗೆ ಅಪಾಯ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕುತ್ತಾರೆ, ಅದರಿಂದ ಪ್ರಯೋಜನ ಇಲ್ಲ. ಮಾಡಬೇಕಾದ್ದು ತುಂಬಾ ಸರಳ. ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ಯಾರಾದರೂ ದೂರದಲ್ಲೇ ನಿಧಾನ ಮಾಡಿಸಬೇಕು, ಇಲ್ಲದಿದ್ದರೆ ನೆರವಿಗೆ ಹೋದವರೇ ಸಾಯುತ್ತಾರೆ, ಹಾಗೂ ಆಗಿದೆ. 108ಕ್ಕೋ 112ಕ್ಕೋ ಫೋನ್ ಮಾಡಬೇಕು, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಮಾಡಬಹುದು, ಕಿಲೋಮೀಟರ್ ಕಲ್ಲಿನ ಮೇಲಿನ ನಂಬರ್ ನೋಡಿ ಹೇಳಿದರೆ ಆಂಬುಲೆನ್ಸ್ ಹುಡುಕಾಡುವುದು ತಪ್ಪುತ್ತದೆ. ರಕ್ತ ಸುರಿಯುತ್ತಿದ್ದರೆ ಶುದ್ಧವಾದ ಬಟ್ಟೆ ಮಡಿಸಿ ಬಿಗಿಯಾಗಿ ಒತ್ತಿ ಹಿಡಿಯಬೇಕು, ತೆಗೆದು ತೆಗೆದು ನೋಡಬಾರದು. ಉಸಿರಾಡುತ್ತಿದ್ದು ಪ್ರಜ್ಞೆ ಇಲ್ಲದವರು ವಾಂತಿ ಮಾಡಿದರೆ ಮೂರ್ನಾಲ್ಕು ಜನ ಸೇರಿ ತಲೆ, ಕತ್ತು, ಬೆನ್ನು ಒಂದೇ ನೇರಕ್ಕೆ ಇರುವಂತೆ ಪಕ್ಕಕ್ಕೆ ಹೊರಳಿಸಬೇಕು. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಯಾರಿಗೆ ಬೇಕಾದರೂ ಕಲಿಸಬಹುದು.

ಯಾರಿಗೆ ಕಲಿಸಬೇಕು? ಕಾಲೇಜು ಸಭಾಂಗಣದಲ್ಲಿ ಬ್ಯಾನರ್ ಕಟ್ಟಿ ಶಿಬಿರ ಮಾಡುತ್ತಾರೆ, ಅದೂ ಆಗಲಿ. ಆದರೆ ಅಪಘಾತ ಪದೇ ಪದೇ ಎಲ್ಲಿ ಆಗುತ್ತದೆ ಅಂತ ಪೊಲೀಸರ ಹತ್ತಿರ ಬ್ಲಾಕ್ ಸ್ಪಾಟ್ ಪಟ್ಟಿಯೇ ಇದೆ. ಆ ತಿರುವಿನಲ್ಲಿ ಇರುವ ಡಾಬಾದವರು, ಪಂಚರ್ ಅಂಗಡಿಯವರು, ಎಳನೀರಿನವರು, ಆಟೋ ಸ್ಟ್ಯಾಂಡಿನವರು, ಇವರಿಗೆ ಕಲಿಸಿ. ಅವರಿಗೆ ಒಂದು ಪೆಟ್ಟಿಗೆ ಕೊಡಿ. ಬ್ಯಾಂಡೇಜು, ಕೈಗವಸು, ಟಾರ್ಚು, ಮುರಿದ ಕಾಲಿಗೆ ಕಟ್ಟಲು ಪಟ್ಟಿ, ಗಾಯಾಳುವನ್ನು ಎತ್ತಲು ಒಂದು ಸ್ಟ್ರೆಚರ್ ಇದ್ದರೆ ಸಾಕು. ಪಂಚಾಯ್ತಿಯ ಬಜೆಟ್ಟಿನಲ್ಲಿ ಇದೇನು ದೊಡ್ಡ ಖರ್ಚಲ್ಲ.

ಕೇಂದ್ರ ಸರ್ಕಾರ ಈಗ ರಾಹ್‌ವೀರ್ ಅಂತ ಯೋಜನೆ ಮಾಡಿದೆ. ತೀವ್ರವಾಗಿ ಗಾಯಗೊಂಡವರನ್ನು ಆ ಮೊದಲ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿ ಜೀವ ಉಳಿಸಿದವರಿಗೆ 25,000 ರೂಪಾಯಿ ಬಹುಮಾನ. 2021ರಲ್ಲಿ ಶುರುವಾದಾಗ 5,000 ಇತ್ತು, 2025ರಲ್ಲಿ ಏರಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಗೆ ಬಂತು. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ನನಗೆ ಅನಿಸುವುದು, ನೆರವಾಗುವವರು ಬಹುಮಾನಕ್ಕೆ ಕಾಯುತ್ತಿಲ್ಲ. ಅವರಿಗೆ ಬೇಕಾಗಿರುವುದು ತಮ್ಮ ಕೆಲಸಕ್ಕೆ ವಾಪಸ್ ಹೋಗಲು ಬಿಡುವುದು. ಗಾಡಿ ತೊಳೆಯಲು ಆಸ್ಪತ್ರೆಯಲ್ಲಿ ಒಂದು ನಲ್ಲಿ ತೋರಿಸುವುದು, ಕೈ ತೊಳೆಯಲು ಸೋಪು ಕೊಡುವುದು. 'ನೀವು ತಂದ ಹುಡುಗ ಉಳಿದ' ಅಂತ ಆಮೇಲೆ ಒಂದು ಫೋನು ಮಾಡುವುದು. ಎಳನೀರಿನ ಆ ತಾಯಿ ಎಷ್ಟೋ ರಾತ್ರಿ ಕಣ್ಣು ಮುಚ್ಚಿದರೆ ರಕ್ತವೇ ಕಾಣುತ್ತಿತ್ತು, ಊಟ ಸೇರುತ್ತಿರಲಿಲ್ಲ ಅಂತ ಹೇಳಿದರು. ತಮ್ಮ ಕುಂಟುತ್ತಾ ಹೋಗಿ ಅವರ ಅಂಗಡಿ ಮುಂದೆ ನಿಂತ ಮೇಲೆಯೇ ಅವರಿಗೆ ಸಮಾಧಾನ ಆಗಿದ್ದು. ಗಾಯಾಳುವಿನ ಮನೆಯವರು ಇದನ್ನು ಮಾಡಬೇಕು. ನೆರವಾದವರನ್ನು ಹುಡುಕಿಕೊಂಡು ಹೋಗಿ ಮುಖ ತೋರಿಸಬೇಕು. ಸಾವಾಗಿದ್ದರೂ ಹೋಗಬೇಕು, ಕೊನೆ ಗಳಿಗೆಯಲ್ಲಿ ನಮ್ಮವರ ಪಕ್ಕ ಇದ್ದವರು ಅವರು. ಕೊಬ್ಬರಿ ಯಜಮಾನರನ್ನು ನಾವು ಇನ್ನೂ ಹುಡುಕುತ್ತಲೇ ಇದ್ದೇವೆ. ಡ್ರೈವರಿಗೂ ಅವರ ಊರು ಸರಿಯಾಗಿ ಗೊತ್ತಿಲ್ಲ, ಅವತ್ತು ದಾರಿಯಲ್ಲಿ ಕೈ ಅಡ್ಡ ಹಾಕಿ ಬಾಡಿಗೆಗೆ ಹಿಡಿದವರಂತೆ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ, ಯಜಮಾನರೇ, ಹುಡುಗ ಚೆನ್ನಾಗಿದ್ದಾನೆ.

ಇನ್ನು ನಿಮ್ಮ ಪತ್ರಿಕೆಗೆ ನನ್ನ ಕೋರಿಕೆ. ಅಪಘಾತದ ಸುದ್ದಿ ಬರೆಯುವಾಗ ನೆರವಾದವರಿಗೂ ಎರಡು ಸಾಲು ಕೊಡಿ. ಅವರು ಒಪ್ಪಿದರೆ ಹೆಸರು ಹಾಕಿ, ಬೇಡ ಅಂದರೆ 'ಹಾಲಿನ ವ್ಯಾನಿನ ಚಾಲಕರೊಬ್ಬರು' ಅಂತಲಾದರೂ ಬರೆಯಿರಿ. ವಾರಕ್ಕೊಮ್ಮೆ ಆ ಸುದ್ದಿಯ ಪಕ್ಕ ಒಂದು ಸಣ್ಣ ಚೌಕದಲ್ಲಿ ನಿಯಮ ಹಾಕಿ: ಹೆಸರು ಹೇಳಬೇಕಿಲ್ಲ, ಕಾಯಬೇಕಿಲ್ಲ, ದುಡ್ಡು ಕಟ್ಟಬೇಕಿಲ್ಲ. ಟೀ ಅಂಗಡಿಯಲ್ಲಿ ಜನ ನಿಮ್ಮ ಪತ್ರಿಕೆಯನ್ನು ಒಂದೊಂದು ಹಾಳೆ ಹಂಚಿಕೊಂಡು ಓದುತ್ತಾರೆ, ಆ ಚೌಕವನ್ನು ಕತ್ತರಿಸಿ ಗೋಡೆಗೆ ಅಂಟಿಸುವವರೂ ಇದ್ದಾರೆ. ನಿಮ್ಮ ತಾಲ್ಲೂಕು ವರದಿಗಾರರಿಗೆ ಹೇಳಿ, ತಮ್ಮ ಊರಿನ ಆಸ್ಪತ್ರೆಗಳ ಬಾಗಿಲಲ್ಲಿ ಆ ಕನ್ನಡದ ಬೋರ್ಡು ಇದೆಯಾ ನೋಡಿಕೊಂಡು ಬರಲಿ, ಇದ್ದ ಕಡೆ ಇದೆ ಅಂತ, ಇಲ್ಲದ ಕಡೆ ಇಲ್ಲ ಅಂತ ಬರೆಯಲಿ.

ನಮ್ಮ ಕಡೆಯಿಂದ ನಾವೂ ಕೈ ಹಾಕಿದ್ದೇವೆ. ತಮ್ಮ ಬಿದ್ದ ಆ ಜಾಗದ ಹತ್ತಿರದ ಆಟೋ ಸ್ಟ್ಯಾಂಡಿನವರು, ಎಳನೀರಿನವರು ಒಂದು ಭಾನುವಾರ ಮಧ್ಯಾಹ್ನ ಕೂರುವುದಕ್ಕೆ ಒಪ್ಪಿದ್ದಾರೆ, ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸ್ ಒಬ್ಬರು ಬಂದು ತೋರಿಸಿಕೊಡುತ್ತೇನೆ ಅಂದಿದ್ದಾರೆ. ದಿನ ಗೊತ್ತಾದ ಮೇಲೆ ನಿಮ್ಮ ಕಚೇರಿಗೆ ತಿಳಿಸುತ್ತೇನೆ. ವರದಿಗಾರರನ್ನು ಕಳಿಸಿಕೊಡಿ, ಸಾಧ್ಯವಾದರೆ ಠಾಣೆಯವರನ್ನೂ ನೀವೇ ಕರೆಯಿರಿ. ನೀವು ಕರೆದರೆ ಬರುತ್ತಾರೆ.

ಇಂತಿ,
ನಿಮ್ಮ ಓದುಗ,
ತಿಪಟೂರು ತಾಲ್ಲೂಕು